ಸಸಿ ಹಾಕುವ ಮುಂಚೆಯೇ ಕೂತು ಮಾತಾಡೋಣ

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರು ಅಂದರೆ ನಮ್ಮ ಮಾನ್ವಿ, ಸಿರವಾರ ಕಡೆ ರೈತರು ಮೊದಲು ಕೇಳೋದು ಒಂದೇ: 69ನೇ ಮೈಲಿನಲ್ಲಿ ಗೇಜ್ ಎಷ್ಟಿದೆ? ಅಲ್ಲಿ ಮಟ್ಟ ಇಳಿದರೆ ನಮ್ಮ ಉಪಕಾಲುವೆಯಲ್ಲಿ ಉಳಿಯೋದು ಬರೀ ಜಾಲಿ ಕಂಟಿ.

ಮುನಿರಾಬಾದಿನಿಂದ ಹೊರಡುವ ಈ ಕಾಲುವೆ 227 ಕಿ.ಮೀ. ಉದ್ದ ಇದೆ. ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ನೀರು ನಮ್ಮ ಹೊಲಕ್ಕೆ ಬರಬೇಕು. ಯೋಜನೆ ಮಾಡಿದಾಗ ಹೆಚ್ಚಿನ ಜಮೀನಿಗೆ ಲೆಕ್ಕ ಹಾಕಿದ್ದು ಕಡಿಮೆ ನೀರಿನ ಬೆಳೆಗಳನ್ನು. ಮೇಲ್ಭಾಗದಲ್ಲಿ ಈಗ ಕಣ್ಣು ಹಾಯಿಸಿದಷ್ಟೂ ಭತ್ತ. ಅದರ ಜೊತೆಗೆ ಹೂಳು. ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯದ ಸಾಮರ್ಥ್ಯ ಈಗ ಸುಮಾರು 105 ಟಿಎಂಸಿಗೆ ಇಳಿದಿದೆ. ನೀರು ಕಡಿಮೆ, ಕೇಳುವವರು ಜಾಸ್ತಿ.

ಹಾಗಂತ ಮೇಲ್ಭಾಗದವರನ್ನು ಕಳ್ಳರು ಅನ್ನೋಕೆ ನನಗೆ ಮನಸ್ಸಿಲ್ಲ. ಒಂದು ರಾತ್ರಿ ನಮ್ಮೂರವರು ಕಾಲುವೆ ಕಾಯೋಕೆ ಬೈಕ್ ಹತ್ತಿ ಹೋಗಿದ್ದರು. ಏರಿ ಮೇಲೆ ಪಂಪ್‌ಸೆಟ್ ಓಡುತ್ತಿತ್ತು, ಪೈಪು ಕಾಲುವೆಯೊಳಗೆ. ಪಕ್ಕದಲ್ಲಿ ನಿಂತಿದ್ದ ಹಿರಿಯರು ಹೇಳಿದರು: "ತಮ್ಮಾ, ನಾಟಿ ಮಾಡಿ ಗೊಬ್ಬರನೂ ಹಾಕೀವಿ. ಈಗ ಪೈಪ್ ತೆಗಿ ಅಂದ್ರ ಹೆಂಗ ತೆಗೀಲಿ?" ನಮ್ಮ ಹುಡುಗ, "ಕಾಕಾ, ನಾವೂ ಸಾಲ ಮಾಡಿ ಮೆಣಸಿನಕಾಯಿ ಹಚ್ಚೀವಿ" ಅಂದ. ಇಬ್ಬರ ಮಾತಲ್ಲೂ ಸುಳ್ಳಿಲ್ಲ. ಅಷ್ಟು ಹೊತ್ತಿಗೆ ಎಂಜಿನಿಯರ್ ಬಂದರೂ, ಪೊಲೀಸರು ಬಂದರೂ, ಯಾರದೋ ಒಬ್ಬರ ಬೆಳೆ ಹೋಗೋದೇ. ಅದಕ್ಕೇ ಹೇಳ್ತೀನಿ, ಈ ಮಾತು ಸಸಿ ಮಡಿ ಹಾಕುವ ಮುಂಚೆಯೇ ಆಗಬೇಕು.

ಕಾನೂನಿಗೆ ಕೊರತೆ ಇಲ್ಲ. 2000ದಲ್ಲೇ ನೀರಾವರಿ ಕಾಯ್ದೆ ತಿದ್ದಿ, ನೀರು ಬಳಕೆದಾರರ ಸಹಕಾರ ಸಂಘಗಳಿಗೆ ದಾರಿ ಮಾಡಿದರು. ನಮ್ಮ ಕಡೆ ಎಷ್ಟೋ ಸಂಘಗಳು ಬೋರ್ಡಿನಲ್ಲಷ್ಟೇ ಉಳಿದಿವೆ. ಅಕ್ರಮ ಪಂಪ್‌ಸೆಟ್ ತಡೆಯೋಕೆ 2024ರಲ್ಲಿ ಮತ್ತೊಂದು ತಿದ್ದುಪಡಿ ಬಂತು. ಒಳ್ಳೆಯದೇ. ಆದರೆ ಇಷ್ಟುದ್ದ ಕಾಲುವೆಯನ್ನು ರಾತ್ರಿಯೆಲ್ಲ ಯಾರು ಕಾಯ್ತಾರೆ? ಎರಡೂ ಕಡೆಯ ರೈತರು ಒಪ್ಪಿದರೆ ಮಾತ್ರ ಅದು ನಡೆಯುತ್ತದೆ.

ಒಪ್ಪಂದ ಆಗೋದೇ ಇಲ್ಲ ಅನ್ನುವವರು ಅಣೆಕಟ್ಟಿನ ಕಡೆ ನೋಡಲಿ. 1953ರಿಂದ ತುಂಗಭದ್ರಾ ಮಂಡಳಿ ಇದೆ. ತಕರಾರು ಇದ್ದರೂ ಕರ್ನಾಟಕ, ಆಂಧ್ರ, ತೆಲಂಗಾಣ ಅಲ್ಲಿ ಒಟ್ಟಿಗೆ ಕೂರುತ್ತವೆ, ನೀರು ಅಳೆದು ಹಂಚಿಕೊಳ್ಳುತ್ತವೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ನಮ್ಮ ಎದೆ ಒಡೆದಿತ್ತು. ತಜ್ಞ ಕನ್ನಯ್ಯ ನಾಯ್ಡು, ಎಂಜಿನಿಯರುಗಳು, ಕಾರ್ಖಾನೆಯವರು, ಕಾರ್ಮಿಕರು ಸೇರಿ ಒಂದು ವಾರದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಜಾಗಕ್ಕೆ ತಾತ್ಕಾಲಿಕ ಉಕ್ಕಿನ ತಡೆ, ಇಳಿಸಿದರು. ಕೊಪ್ಪಳದಲ್ಲಿ 2019ರಲ್ಲಿ ಗವಿಮಠದ ಸ್ವಾಮೀಜಿ ಕರೆದಾಗ ಜನ ಬಂದು ಹಿರೇಹಳ್ಳದ ಹೂಳು, ಕಂಟಿ ತೆಗೆದರು. ಒಂದೇ ಕಾಲುವೆ ನೀರು ಕುಡಿಯುವ ನಮಗೆ ಒಟ್ಟಿಗೆ ಕೂರೋಕೆ ಏನು ಕಷ್ಟ, ಅಲ್ವಾ?

ನೀರು ಯಾವಾಗ ಬಿಡಬೇಕು ಅಂತ ನೀರಾವರಿ ಸಲಹಾ ಸಮಿತಿ (ಐಸಿಸಿ) ಸಭೆ ತೀರ್ಮಾನಿಸುತ್ತದೆ, ಅದು ಇರಲಿ. ಅದಕ್ಕೂ ಮೊದಲು ಒಂದೊಂದು ಉಪಕಾಲುವೆಯ ಮೇಲಿನವರು, ಕೆಳಗಿನವರು ಎದುರುಬದುರು ಕೂರಬೇಕು. ಈ ಸಲ ಭತ್ತ ಎಷ್ಟು ಎಕರೆ, ಪಾಳಿ ಯಾರಿಗೆ ಯಾವಾಗ ಅಂತ ಬರೆದುಕೊಳ್ಳಬೇಕು. ನನ್ನ ಕೇಳಿದರೆ ಮೊದಲ ಪಾಳಿ ಕೊನೆ ಭಾಗಕ್ಕೇ ಸಿಗಬೇಕು. ಬೆಳಿಗ್ಗೆ ಸಂಜೆ ಗೇಜಿನ ಫೋಟೋ ಎಲ್ಲರ ವಾಟ್ಸಾಪ್ ಗ್ರೂಪಿಗೆ ಬರಲಿ. ಅರ್ಧ ಅನುಮಾನ ಅಲ್ಲೇ ಹೋಗುತ್ತದೆ.

ಕಾರಟಗಿ, ಸಿಂಧನೂರಿನ ಗೆಳೆಯರು ಇದನ್ನು ಓದುತ್ತಿದ್ದರೆ ದಿನ ನೀವೇ ಹೇಳಿ. ನಿಮ್ಮೂರಿಗೇ ನಾವು ಬರ್ತೀವಿ.