ಅರಿಶಿನದ ಕ್ಯಾಪ್ಸೂಲೂ ಊಟದ ಮೇಲಿನ ಕವಳವೂ

ನಮ್ಮ ಶಿರಸಿ ಕಡೆ ಈಗ ಸುಮಾರು ಮನೆಗಳಲ್ಲಿ ಅರಿಶಿನದ ಕ್ಯಾಪ್ಸೂಲಿನ ಡಬ್ಬಿ ಇದೆ. ಬೆಂಗಳೂರಿನ ಮಗನೋ ಮಗಳೋ ತಂದುಕೊಟ್ಟಿದ್ದು. "ಉರಿಯೂತಕ್ಕೆ ಒಳ್ಳೇದಂತೆ." ಹಿತ್ತಲಲ್ಲಿ ಅರಿಶಿನ ಬೆಳೆಯುವವರ ಮನೆಯಲ್ಲೇ ಈ ಕಥೆ! ಹೊಸದೊಂದು ನುಂಗಿ ಅಂದರೆ ಎಲ್ಲರೂ ತಯಾರು. ಇರೋದನ್ನು ಬಿಡಿ ಅಂದರೆ ಮಾತ್ರ ಮುಖ ಆ ಕಡೆ ತಿರುಗುತ್ತದೆ.

ಕತ್ತಿ ತಾಗಿದ ಬೆರಳು ಕೆಂಪಾಗಿ, ಬಿಸಿಯಾಗಿ, ಊದಿಕೊಳ್ಳುತ್ತದಲ್ವಾ? ಅದು ಒಳ್ಳೆಯ ಉರಿಯೂತ. ಕೆಲಸ ಮುಗಿಸಿ ನಾಲ್ಕು ದಿನದಲ್ಲಿ ಹೋಗುತ್ತದೆ. ತೊಂದರೆ ಕೊಡುವುದು ಬೂದಿ ಮುಚ್ಚಿದ ಕೆಂಡದ ಹಾಗೆ ವರ್ಷಗಟ್ಟಲೆ ಒಳಗೇ ಉಳಿಯುವ ಇನ್ನೊಂದು. ನೋವಿಲ್ಲ, ಜ್ವರ ಇಲ್ಲ. ಆದರೆ ಹೃದಯದ ಕಾಯಿಲೆಗೆ, ಸಕ್ಕರೆ ಕಾಯಿಲೆಗೆ ದಾರಿ ಮಾಡಿಕೊಡುತ್ತದೆ. ಎಚ್‌ಎಸ್-ಸಿಆರ್‌ಪಿ ಅನ್ನೋ ರಕ್ತಪರೀಕ್ಷೆಯಲ್ಲಿ ಇದರ ಸುಳಿವು ಸಿಗುತ್ತದೆ. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಹೃದಯದ ಮಟ್ಟಿಗೆ ಒಳ್ಳೆಯದು, 3 ದಾಟಿದರೆ ಅಪಾಯ ಜಾಸ್ತಿ. ನೆಗಡಿ, ಜ್ವರ ಇದ್ದಾಗ ಮಾಡಿಸಬೇಡಿ, ಸುಮ್ನೆ ದುಡ್ಡು ದಂಡ.

ಅರಿಶಿನ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದರಲ್ಲಿ ಕೆಲಸ ಮಾಡುವ ಅಂಶವಾದ ಕರ್ಕ್ಯುಮಿನ್ ಇರೋದು ನೂರಕ್ಕೆ 3ರಷ್ಟು, ಅದೂ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕಾಳುಮೆಣಸು ಸೇರಿದರೆ ಸ್ವಲ್ಪ ಜಾಸ್ತಿ ಹತ್ತುತ್ತದೆ. ನಮ್ಮ ಸಾರು, ಹುಳಿಯಲ್ಲಿ ಎರಡೂ ಮೊದಲಿಂದ ಇವೆ. ಹೆಚ್ಚು ಪ್ರಮಾಣದ ಕ್ಯಾಪ್ಸೂಲು ತಿಂದು ಲಿವರ್ ಕೆಡಿಸಿಕೊಂಡವರ ಪ್ರಕರಣಗಳೂ ವರದಿಯಾಗಿವೆ. ಡಬ್ಬಿ ಮೇಲೆ ಅದನ್ನು ಯಾರು ಬರೀತಾರೆ?

ಉರಿಯೂತ ತಗ್ಗಿಸುವ ಊಟಕ್ಕೆ ನಾವು ಎಲ್ಲೂ ಹುಡುಕಿಕೊಂಡು ಹೋಗಬೇಕಾಗಿಲ್ಲ. ಕಾರವಾರದವರಿಗೆ ತಾರ್ಲೆ, ಬಂಗುಡೆ ಇವೆ. ಒಮೆಗಾ-3 ಕೊಬ್ಬು ಚೆನ್ನಾಗಿರುವುದು ಈ ಅಗ್ಗದ ಮೀನುಗಳಲ್ಲೇ. ನೆಂಟರು ಬಂದರೆ ಇಶ್ವಾಣವೇ ಆಗಬೇಕು ಅನ್ನೋದು ಬರೀ ಮರ್ಯಾದೆ ಪ್ರಶ್ನೆ. ಘಟ್ಟದ ಮೇಲಿನವರಿಗೆ ಸೊಪ್ಪು, ಕಾಳು, ಒಂದೆಲಗದ ತಂಬುಳಿ ಇದೆ. ನಿದ್ದೆಯದ್ದೂ ಅಷ್ಟೇ. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ನಿದ್ದೆಗೆಡುವುದು ವರ್ಷಕ್ಕೆ ಕೆಲವು ಸಲ, ಮೊಬೈಲು ನೋಡಿ ನಿದ್ದೆಗೆಡುವುದು ದಿನಾ. ಇನ್ನು ನಡಿಗೆ. ತೋಟದ ಬುಡಕ್ಕೇ ಬೈಕು ಹೋಗುವ ಕಾಲ. ಗಂಡಸರ ಸೊಂಟ 90 ಸೆಂಟಿಮೀಟರ್, ಹೆಂಗಸರದ್ದು 80 ದಾಟಿದರೆ ಒಳಗಿನ ಬೊಜ್ಜು ತಾನೇ ಉರಿಯೂತ ಹುಟ್ಟಿಸುತ್ತದೆ. ವಾರಕ್ಕೆ 150 ನಿಮಿಷ ಚುರುಕಾಗಿ ನಡೆದರೂ ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಇಷ್ಟರ ತನಕ ಎಲ್ಲರೂ ತಲೆ ಆಡಿಸುತ್ತಾರೆ. ಕವಳದ, ಅಂದರೆ ಎಲೆ-ಅಡಿಕೆಯ, ಸಂಚಿಗೆ ಕೈ ಹಾಕಿದರೆ ಮಾತ್ರ ಜಗಳ.

ಗೊತ್ತು, ಅಡಿಕೆಯೇ ನಮ್ಮ ಅನ್ನ. ನಮ್ಮ ಮನೆಯದ್ದೂ ಅಡಿಕೆ ತೋಟವೇ. ಬೆಳೆದು ಮಾರಿ, ತಿನ್ನಬೇಡಿ ಅನ್ನೋದು ಇಬ್ಬಂದಿ ಮಾತು ಅಂದರೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ತಂಬಾಕು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಅಂತ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ತೈವಾನಿನ ಅಧ್ಯಯನಗಳಲ್ಲಿ ಅಡಿಕೆ ಜಗಿಯುವವರಲ್ಲಿ ಹೊಟ್ಟೆ ಬೊಜ್ಜು, ಸಕ್ಕರೆ ಕಾಯಿಲೆ ಜಾಸ್ತಿ ಕಂಡಿವೆ.

ಮೊನ್ನೆ ಒಂದು ಮದುವೆ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರು ಹೋಳಿಗೆಯನ್ನು ಉಗುರಿನಷ್ಟು ಚೂರು ಮಾಡಿ, ತುಟಿ ಸಂದಿಯಿಂದ ಒಳಗೆ ತಳ್ಳುತ್ತಿದ್ದರು. ಬಾಯಿ ಅದಕ್ಕಿಂತ ಜಾಸ್ತಿ ತೆರೆಯುತ್ತಿರಲಿಲ್ಲ. ಬಡಿಸುವವರು ಅಪ್ಪೆಹುಳಿ ತಂದರೆ ಲೋಟಕ್ಕೆ ಕೈ ಅಡ್ಡ ಹಿಡಿದರು, "ಬೇಡ ತಮ್ಮಾ, ಉರೀತು" ಅಂತ. ಅಡಿಕೆಯ ರಸ ಕೆನ್ನೆಯ ಒಳಪದರವನ್ನು ಕೆರಳಿಸಿ ಕೆರಳಿಸಿ, ಅಲ್ಲಿ ನಾರು ಕಟ್ಟಿಕೊಂಡು ಗಟ್ಟಿಯಾಗುತ್ತದೆ. ಒಮ್ಮೆ ಬಿಗಿದ ಬಾಯಿ ಮೊದಲಿನಂತೆ ಆಗುವುದು ಕಷ್ಟ. ಬಾಳೆ ಎತ್ತಿದ ಮೇಲೆ ಅವರು ಸೀದಾ ಹೋಗಿ ಕವಳದ ತಟ್ಟೆ ಮುಂದೆ ಕೂತರು. "ಎಂತಕ್ಕೆ ಭಾವಾ ಇದು?" ಅಂದೆ. "ನಾನೂ ಬಿಟ್ಟರೆ ಅಡಿಕೆ ರೇಟು ಬಿದ್ದು ಹೋಗ್ತದೆ ಮಾರಾಯಾ" ಅಂತ ನಕ್ಕರು. ನಾನೂ ನಕ್ಕೆ, ಮತ್ತೆಂತ ಮಾಡೋದು?

ಕವಳ ಹಾಕುವವರು ಇದನ್ನು ಓದುತ್ತಿದ್ದರೆ ಕನ್ನಡಿ ಮುಂದೆ ನಿಂತು ನಡುವಿನ ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವ ಹಾಗೆ ಬಾಯೊಳಗೆ ಇಟ್ಟು ನೋಡಿ. ಹಿಡಿಸದಿದ್ದರೆ, ಖಾರ ತಾಗಿದರೆ ಉರಿಯುತ್ತಿದ್ದರೆ, ಒಳಗೆ ಬಿಳಿ ಮಚ್ಚೆ ಕಂಡರೆ, ಈ ವಾರವೇ ಹಲ್ಲಿನ ಡಾಕ್ಟರಿಗೆ ತೋರಿಸಿ. ಅಡಿಕೆಯ ಕೊನೆಕೊಯ್ಲು ಮುಗಿಯಲಿ ಅಂತ ಮುಂದೂಡಬೇಡಿ.