ಪರಲೋಕದಲ್ಲಿ ಸಮುದ್ರ ಇರುವುದಿಲ್ಲವಂತೆ

ನಮ್ಮ ದೊಡ್ಡಪ್ಪ ತೀರಿಹೋಗಿ ಮೊನ್ನೆಗೆ ಎರಡು ವರ್ಷ ಆಯಿತು. ಮಣ್ಣು ಮಾಡುವ ದಿನ ಪ್ರಸಂಗ ಮಾಡಿದ ಪಾದ್ರಿಗಳು (ಹೆಸರು ಬೇಡ, ಒಳ್ಳೆಯ ಮನುಷ್ಯರೇ) "ಈ ಹೊಲಸು ಲೋಕದಿಂದ ನಮ್ಮ ಸಹೋದರನಿಗೆ ಬಿಡುಗಡೆ ಸಿಕ್ಕಿತು" ಅಂದರು. ಎಲ್ಲರೂ ಆಮೆನ್ ಅಂದರು. ನಾನೂ ಅಂದಿರಬೇಕು, ಅಭ್ಯಾಸ ಬಲ. ಆದರೆ ಆ ಮಾತು ಇವತ್ತಿಗೂ ಗಂಟಲಲ್ಲಿ ಸಿಕ್ಕಿಕೊಂಡ ಮೀನಿನ ಮುಳ್ಳಿನ ಹಾಗೇ ಇದೆ. ಯಾಕೆಂದರೆ ದೊಡ್ಡಪ್ಪನಿಗೆ ಈ ಲೋಕ ಹೊಲಸು ಅಂತ ಒಂದು ದಿನವೂ ಅನ್ನಿಸಿದ್ದಿಲ್ಲ.

ಹಂಚಿನ ಕಾರ್ಖಾನೆಯಲ್ಲಿ 30 ವರ್ಷ ದುಡಿದವರು ಅವರು. ರಿಟೈರ್ ಆದ ಮೇಲೆ ಅವರ ಕೆಲಸ ಎರಡೇ, ಭಾನುವಾರ ಆರಾಧನೆಗೆ ಎಲ್ಲರಿಗಿಂತ ಮೊದಲು ಹೋಗಿ ಎರಡನೇ ಬೆಂಚಲ್ಲಿ ಕೂರುವುದು, ಉಳಿದ ಆರು ದಿನ ಮಲ್ಪೆ ಪಡುಕೆರೆ ಕಡಲತೀರದ ಕಡೆ ಬೀಸುಬಲೆ ಹೆಗಲಿಗೆ ಹಾಕಿಕೊಂಡು ಅಲೆಯುವುದು. ಬೀಸುವುದನ್ನು ನೋಡಬೇಕಿತ್ತು. ಬಲೆಯ ಒಂದು ಪಾಲು ಮೊಣಕೈ ಮೇಲೆ, ಒಂದು ಪಾಲು ಬಲಗೈಯಲ್ಲಿ, ಅಂಚಿನ ಒಂದು ಸೀಸದ ಗುಂಡು ಹಲ್ಲಿನ ನಡುವೆ. ಸೊಂಟ ಒಂದು ಸಲ ತಿರುಗಿಸಿದರೆ ಸಾಕು, ಬಲೆ ಗಾಳಿಯಲ್ಲಿ ಉರುಟಾಗಿ ಬಿಚ್ಚಿ ನೀರಿಗೆ ಬೀಳುತ್ತಿತ್ತು. ಒಂದು ದಿನ ನಾಲ್ಕು ಕಾಣೆ ಮೀನು, ಮರುದಿನ ಬರೀ ಕಸ. ಎರಡೂ ದಿನ ಅದೇ ಮುಖ.

ಅವರೇ ಒಂದು ಸಲ ಕೇಳಿದ್ದರು. ಬೈಬಲಿನ ಕೊನೆಯದಾದ ಪ್ರಕಟನೆ ಪುಸ್ತಕದ 21ನೇ ಅಧ್ಯಾಯ ಓದಿದ ದಿನ. ಹೊಸ ಆಕಾಶ, ಹೊಸ ಭೂಮಿ ಅಂತ ಹೇಳಿದ ಮೇಲೆ ಅದನ್ನು ಬರೆದ ಯೋಹಾನ ಸಮುದ್ರ ಇನ್ನಿಲ್ಲ ಅಂತ ಒಂದು ಮಾತು ಸೇರಿಸುತ್ತಾನಲ್ಲ, ಅದಕ್ಕೆ. ಮನೆಗೆ ಬರುವ ದಾರಿಯಲ್ಲಿ ಸುಮ್ನೆ ನಡೆದು ಬರುತ್ತಿದ್ದವರು ಒಮ್ಮೆಲೇ, "ಅಲ್ಲ ಮಗಾ, ಅಲ್ಲಿ ಸಮುದ್ರ ಇಲ್ಲವಂತಲ್ಲ, ಮತ್ತೆ ನಾನು ಅಲ್ಲಿ ಎಂತ ಮಾಡುವುದು?" ತಮಾಷೆ ಅಂದುಕೊಂಡು ನಕ್ಕೆ. ಅವರು ನಗಲಿಲ್ಲ.

ಆಮೇಲೆ ನಾನೂ ಅಷ್ಟಿಷ್ಟು ಓದಿದೆ. ಯೋಹಾನ ಇದನ್ನೆಲ್ಲ ಕಂಡದ್ದು ಪತ್ಮೋಸ್ ಎಂಬ ದ್ವೀಪದಲ್ಲಿ. ಪ್ರವಾಸಕ್ಕೆ ಹೋಗಿದ್ದಲ್ಲ, ನಂಬಿಕೆಯ ಕಾರಣಕ್ಕೆ ಅಲ್ಲಿದ್ದವನು. ಅವನ ಕ್ರೈಸ್ತ ಸಭೆಗಳೆಲ್ಲ ಆಚೆ ದಡದಲ್ಲಿ, ನಡುವೆ ನೀರು. ಹಳೆಯ ಯೆಹೂದ್ಯರಿಗೂ ಸಮುದ್ರ ಅಂದರೆ ಹೆದರಿಕೆ. ದಾನಿಯೇಲನ ದರ್ಶನದಲ್ಲಿ ಮೃಗಗಳು ಎದ್ದು ಬರುವುದೂ ಸಮುದ್ರದಿಂದ, ಪ್ರಕಟನೆಯ 13ನೇ ಅಧ್ಯಾಯದ ಮೃಗ ಬರುವುದೂ ಅಲ್ಲಿಂದಲೇ. ಅಗಲಿಸುವ ನೀರು, ಹೆದರಿಸುವ ನೀರು ಇರುವುದಿಲ್ಲ ಅಂತ ಅವನು ಹೇಳಿದ್ದು ಅಂತ ನಾನು ಅರ್ಥ ಮಾಡಿಕೊಂಡೆ. ಮುಂದಿನ ಅಧ್ಯಾಯದಲ್ಲೇ ನದಿ ಬರುತ್ತದೆ, ನದಿಯ ದಡದಲ್ಲಿ ಮರ, ಮರದಲ್ಲಿ ತಿಂಗಳು ತಿಂಗಳಿಗೂ ಹಣ್ಣು. ತಿಂಗಳು ಇದೆ ಅಂದರೆ ಕಾಲ ಇದೆ ಅಂತ ಅಲ್ವಾ? ನಾಳೆ ಅನ್ನುವುದು ಇದೆ. ಈ ತಿಂಗಳು ಯಾವ ಹಣ್ಣು ಬಿಡುತ್ತದೋ ಅಂತ ಕಾಯುವುದಕ್ಕೂ ಜಾಗ ಇದೆ. ಇನ್ನೊಂದು, ನಾವು ಮೇಲೆ ಹಾರಿಹೋಗುವ ಚಿತ್ರ ಅಲ್ಲಿಲ್ಲ. ದೇವರ ಪಟ್ಟಣವೇ ಕೆಳಗೆ ಇಳಿದು ಬರುತ್ತದೆ. ನಮ್ಮ ಪ್ರಸಂಗಗಳಲ್ಲಿ ಯಾಕೋ ಯಾವಾಗಲೂ ಮೇಲಕ್ಕೇ ಟಿಕೆಟ್.

ಬೈಬಲಿನಲ್ಲಿರುವ ಪೇತ್ರನ ಎರಡನೇ ಪತ್ರ ತೋರಿಸಿ "ಭೂಮಿ ಹೇಗೂ ಸುಟ್ಟುಹೋಗುವುದು, ಅದರ ಮೇಲೆ ಯಾಕೆ ಇಷ್ಟು ಆಸೆ" ಅನ್ನುವವರು ಇದ್ದಾರೆ, ನಮ್ಮ ವಾಟ್ಸಾಪ್ ಗುಂಪಲ್ಲೇ ಇಬ್ಬರು. ಅವರು ಅದೇ ಅಧ್ಯಾಯವನ್ನು ಇನ್ನೆರಡು ಸಾಲು ಕೆಳಗೆ ಓದಲಿ. ಅಲ್ಲೂ ಕಾಯುವುದು ಹೊಸ ಆಕಾಶಕ್ಕೆ ಮತ್ತು ಹೊಸ *ಭೂಮಿಗೆ*.

2021ರ ಕ್ರಿಸ್ಮಸ್ ನನಗೆ ಚೆನ್ನಾಗಿ ನೆನಪಿದೆ. ಸಂಜೆ 5.50ಕ್ಕೆ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ ಫ್ರೆಂಚ್ ಗಯಾನಾದಿಂದ ಹಾರಿತು. ನಾನು ದೊಡ್ಡಪ್ಪನ ಮನೆಯ ಚಾವಡಿಯಲ್ಲಿ ಕುಸ್ವಾರ್ (ಕ್ರಿಸ್ಮಸ್ ತಿಂಡಿ) ತಟ್ಟೆ ತೊಡೆ ಮೇಲಿಟ್ಟುಕೊಂಡು ಮೊಬೈಲಲ್ಲಿ ನೋಡುತ್ತಿದ್ದೆ. ಅವರು ಪಕ್ಕದಲ್ಲಿ ಹರಿದ ಬಲೆ ಹೊಲಿಯುತ್ತಿದ್ದರು, ಹಬ್ಬದ ದಿನವೂ. "ಅದು ಎಲ್ಲಿಗೆ ಹೋಗುವುದು?" ಅಂತ ಕೇಳಿದರು. 15 ಲಕ್ಷ ಕಿಲೋಮೀಟರ್ ದೂರ ಅಂದೆ. "ಎಂತ ನೋಡಲಿಕ್ಕೆ?" ಬಹಳ ಹಳೆಯ ಬೆಳಕು ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ದೇವರು ಬೆಳಕಾಗಲಿ ಅಂದನಲ್ಲ, ಅದಾ?" ಅಂದರು. ಅದೇ ಅಂತ ಹೇಳಲಿಕ್ಕೆ ನಾನು ವಿಜ್ಞಾನಿ ಅಲ್ಲ. ಅಲ್ಲ ಅಂತ ಹೇಳಲಿಕ್ಕೂ ಬಾಯಿ ಬರಲಿಲ್ಲ.

ಮರುವರ್ಷ ಜುಲೈಯಲ್ಲಿ ಮೊದಲ ಚಿತ್ರ ಬಂತು. ಕೈ ಉದ್ದ ಚಾಚಿ ಬೆರಳ ತುದಿಯಲ್ಲಿ ಒಂದು ಮರಳ ಕಣ ಹಿಡಿದರೆ ಆಕಾಶದ ಎಷ್ಟು ಜಾಗ ಮುಚ್ಚುತ್ತದೋ ಅಷ್ಟೇ ಜಾಗದ ಚಿತ್ರ, ಅದರೊಳಗೆ ಸಾವಿರಾರು ಗ್ಯಾಲಕ್ಸಿಗಳು. ನಡುವೆ ಕಾಣುವ ಗ್ಯಾಲಕ್ಸಿ ಗೊಂಚಲಿನ ಬೆಳಕೇ ಹೊರಟು 460 ಕೋಟಿ ವರ್ಷ ಆಗಿದೆಯಂತೆ, ಹಿಂದಿನವು ಅದಕ್ಕಿಂತ ಹಳೆಯವು. ದೊಡ್ಡಪ್ಪನಿಗೆ ತೋರಿಸಿದೆ. ಮೊಬೈಲ್ ಕೆಳಗಿಟ್ಟು ಅಂಗಳದ ಹೊಯ್ಗೆಯಿಂದ ನಿಜವಾಗಿಯೂ ಒಂದು ಕಣ ಬೆರಳಿಗೆ ಅಂಟಿಸಿಕೊಂಡು ಕೈ ಚಾಚಿ ಆಕಾಶ ನೋಡಿದರು. ಮಧ್ಯಾಹ್ನ ಎರಡು ಗಂಟೆ, ಮೋಡ ಬೇರೆ. ಆದರೂ ನೋಡಿದರು.

ಅಷ್ಟು ದೂರ ಯಾಕೆ, ನಮ್ಮ ಕಣ್ಣೆದುರೇ ತೋನ್ಸೆಪಾರ್ ಇದೆ. ಹೊರಗಿನವರು ಸೇಂಟ್ ಮೇರೀಸ್ ದ್ವೀಪ ಅನ್ನುತ್ತಾರೆ. ಮಲ್ಪೆಯಿಂದ ದೋಣಿಯಲ್ಲಿ ಹೋಗಿ ಸೆಲ್ಫಿ ತೆಗೆದು ಬರುತ್ತೇವೆ. ಅಲ್ಲಿ ನಿಂತಿರುವ ಕಲ್ಲಿನ ಕಂಬಗಳು ಸುಮಾರು 8 ಕೋಟಿ 80 ಲಕ್ಷ ವರ್ಷ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಕಾಲಕ್ಕೆ ಉಕ್ಕಿದ ಲಾವಾ ತಣಿದು ಬಿರಿದು ಆದವು. ಕೆಲವು ವರ್ಷ ಮಳೆ ಕಳೆದ ಮೇಲೆ ಪಡುಕೆರೆ, ಮಟ್ಟು ಕಡೆ ರಾತ್ರಿ ಅಲೆಗಳು ನೀಲಿಯಾಗಿ ಹೊಳೆಯುತ್ತವೆ. ನೋಕ್ಟಿಲುಕಾ ಎಂಬ ಜೀವಿ, ಸಾಸಿವೆ ಕಾಳಿಗಿಂತ ಚಿಕ್ಕದು, ದೇಹ ಅಂದರೆ ಒಂದೇ ಜೀವಕೋಶ. ನೀರು ಅಲುಗಿದರೆ ಮಿನುಗುತ್ತದೆ. ದೊಡ್ಡಪ್ಪ ನನ್ನನ್ನು ರಾತ್ರಿ ಹನ್ನೊಂದಕ್ಕೆ ಎಬ್ಬಿಸಿ ಕರೆದುಕೊಂಡು ಹೋಗಿದ್ದರು. ಕಾಲಿಟ್ಟಲ್ಲೆಲ್ಲ ಬೆಳಕು. ತೀರಕ್ಕೆ ಕೊಳೆನೀರು ಸೇರಿದಾಗಲೂ ಇವು ಜಾಸ್ತಿ ಆಗಬಹುದು, ಮೀನಿಗೆ ಅದು ಒಳ್ಳೆಯದಲ್ಲ ಅಂತ ಆಮೇಲೆ ಓದಿ ಬೇಸರವಾಯಿತು. ಸೃಷ್ಟಿಯೆಲ್ಲ ನರಳುತ್ತಿದೆ ಅಂತ ಪೌಲ ರೋಮಾಪುರದವರಿಗೆ ಬರೆದದ್ದು ನೆನಪಾಯಿತು. ಚಂದ, ನರಳಾಟ ಎರಡೂ ಒಂದೇ ಅಲೆಯಲ್ಲಿ.

ನನಗೆ ಸಿಟ್ಟು ಬರುವುದು ಎಲ್ಲಿ ಅಂದರೆ, ಇಂಥದ್ದನ್ನು ಹೇಳಿದರೆ "ಲೋಕದ ವಿಷಯ" ಅಂತ ಪಕ್ಕಕ್ಕೆ ಸರಿಸುತ್ತಾರೆ. ಬೈಬಲಿನ ಯೋಬ ಅಷ್ಟೆಲ್ಲ ಕಷ್ಟಪಟ್ಟು ಪ್ರಶ್ನೆ ಕೇಳಿದಾಗ ದೇವರು ಕೊಟ್ಟ ಉತ್ತರ ಏನು? ಹಿಮದ ಉಗ್ರಾಣ ನೋಡಿದ್ದೀಯಾ, ಸಮುದ್ರದ ಬುಗ್ಗೆಗಳ ತನಕ ಹೋಗಿದ್ದೀಯಾ, ಕಾಡುಮೇಕೆ ಮರಿ ಹಾಕುವ ಹೊತ್ತು ಗೊತ್ತಾ ಅಂತ ಅಧ್ಯಾಯಗಟ್ಟಲೆ ಕೇಳುತ್ತಾನೆ. ತಾನು ಮಾಡಿದ್ದನ್ನು ತೋರಿಸುವ ಉಮೇದು ಅವನಿಗೇ ಅಷ್ಟಿದೆ. ಬ್ರಹ್ಮಾಂಡ ಹಿಗ್ಗುತ್ತಿದೆ ಅಂತ 1927ರಲ್ಲಿ ಲೆಕ್ಕ ಹಾಕಿ ಬರೆದ ಬೆಲ್ಜಿಯಂನ ಜಾರ್ಜ್ ಲೆಮೆತ್ರ್ ಒಬ್ಬ ಪಾದ್ರಿ. ನಮ್ಮಲ್ಲೇ ಜೆಸ್ವಿಟ್ ಪಾದ್ರಿ ಸೆಸಿಲ್ ಸಲ್ಡಾನ್ಹಾ, ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಮೇಷ್ಟ್ರು, ಹಾಸನ ಜಿಲ್ಲೆಯ ಗಿಡಗಳನ್ನು ಒಂದೊಂದಾಗಿ ಗುರುತಿಸಿ 1976ರಲ್ಲಿ ದೊಡ್ಡ ಗ್ರಂಥವನ್ನೇ ತಂದರು. ಆದಾಮನಿಗೆ ದೇವರು ಕೊಟ್ಟ ಮೊದಲ ಕೆಲಸಗಳಲ್ಲಿ ಒಂದು ಪ್ರಾಣಿಗಳಿಗೆ ಹೆಸರಿಡುವುದು. ಆ ಕೆಲಸ ಇನ್ನೂ ಮುಗಿದಿಲ್ಲ. ಪರಲೋಕದಲ್ಲಿ ಮಾತ್ರ ಅದು ನಿಂತುಹೋಗಿ ನಾವೆಲ್ಲ ಬಿಳಿ ಬಟ್ಟೆಯಲ್ಲಿ ಕೊನೆಯಿಲ್ಲದೆ ಕೂತಿರುತ್ತೇವೆ ಅಂತ ನನಗೆ ನಂಬಲಿಕ್ಕೆ ಆಗುವುದಿಲ್ಲ. ಸಂಗೀತ ಹಾಡುವುದು ಇಷ್ಟವೇ, ಬೇಡ ಅನ್ನುವುದಿಲ್ಲ. ಆದರೆ ಹಾಡುವುದಕ್ಕೂ ಹೊಸದಾಗಿ ಏನಾದರೂ ಕಾಣುತ್ತಾ ಇರಬೇಕಲ್ಲ.

ಆಸ್ಪತ್ರೆಯಲ್ಲಿದ್ದ ಕೊನೆಯ ವಾರ ದೊಡ್ಡಪ್ಪನಿಗೆ ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯ ಓದಿ ಹೇಳಿದೆ. ಪುನರುತ್ಥಾನ ಆದ ಯೇಸು ಬೆಳಗಿನ ಜಾವ ದಡದಲ್ಲಿ ಕೆಂಡ ಮಾಡಿ ಮೀನು ಸುಡುತ್ತಾ ನಿಂತಿರುವುದು. ಸಾವನ್ನು ಗೆದ್ದು ಬಂದವನು ಮಾಡಿದ ಕೆಲಸ ನೋಡಿ. ಬಲೆಯಲ್ಲಿ 153 ಮೀನು ಅಂತ ಓದಿದಾಗ ದೊಡ್ಡಪ್ಪ ಕಣ್ಣು ತೆರೆದರು. "ಎಣಿಸಿದ್ದಾರೆ ನೋಡು," ಅಂದರು. ಕರ್ತನು ಎದುರಲ್ಲೇ ನಿಂತಿರುವಾಗ ಯಾರೋ ಕೂತು ಒಂದು, ಎರಡು ಅಂತ ಎಣಿಸಿದ್ದಾರೆ, ಅದು ಅವರಿಗೆ ಬಹಳ ಹಿಡಿಸಿತು. ಅಲ್ಲಿ ಸಮುದ್ರ ಇದೆಯೋ ಇಲ್ಲವೋ ಅಂತ ಮತ್ತೆ ಕೇಳಲಿಲ್ಲ.

ಈಗ ಆ ಬಲೆ ನನ್ನ ಹತ್ತಿರ ಇದೆ. ಈ ಸಲ ಈಸ್ಟರ್ ದಿನ ಕತ್ತಲಿರುವಾಗಲೇ ಸಮಾಧಿ ಸ್ಥಳದಲ್ಲಿ ಆರಾಧನೆ ಮುಗಿಸಿ, ಅವರ ಸಮಾಧಿಗೆ ಮೇಣದಬತ್ತಿ ಹಚ್ಚಿ, ನೇರ ಪಡುಕೆರೆಗೆ ಹೋದೆ. ಹಲ್ಲಿನ ನಡುವೆ ಸೀಸದ ಗುಂಡು ತಣ್ಣಗೆ, ಉಪ್ಪುಪ್ಪು. ಸೊಂಟ ತಿರುಗಿಸಿ ಬೀಸಿದೆ. ಬಲೆ ಅರ್ಧವೂ ಬಿಚ್ಚಲಿಲ್ಲ, ಒದ್ದೆ ಬಟ್ಟೆಯ ಮುದ್ದೆ ಹಾಗೆ ದೊಪ್ಪ ಅಂತ ಬಿತ್ತು. ದೋಣಿಯಲ್ಲಿದ್ದ ಒಬ್ಬರು ನಕ್ಕರು. ಎಳೆದು ನೋಡಿದರೆ ಒಂದು ಏಡಿ, ಎರಡು ಚಿಪ್ಪು, ಇನ್ನೊಂದು ಏನೋ ಪಾರದರ್ಶಕವಾದ ಜೀವಿ, ಹೆಸರು ಗೊತ್ತಿಲ್ಲ. ಫೋಟೋ ತೆಗೆದು ಅದನ್ನು ನೀರಿಗೆ ಬಿಟ್ಟೆ. ಕಾಮೆಂಟಲ್ಲಿ ಹಾಕಿದ್ದೇನೆ, ಯಾರಿಗಾದರೂ ಗೊತ್ತಿದ್ದರೆ ಹೇಳಿ.