ಮಾನ್‌ಹೈಮ್‌ನ ಮೂರು ತಿಂಗಳು, ಮಂಗಳೂರಿನ ಮೂರು ವರ್ಷ

ಬಿ.ಕಾಂ., ಬಿಬಿಎ ಮುಗಿಸಿದ ಉಡುಪಿ, ಮಂಗಳೂರಿನ ಮಕ್ಕಳು ಆಗಾಗ ಫೋನ್ ಮಾಡುತ್ತಾರೆ. ಜರ್ಮನಿಗೆ ಬಂದು ಬಿಸಿನೆಸ್ ಓದಿದರೆ ಕೆಲಸ ಸಿಗುತ್ತದಾ ಎಂಬುದೇ ಎಲ್ಲರ ಪ್ರಶ್ನೆ. ನಾನಿರುವುದು ಮಾನ್‌ಹೈಮ್‌ನಲ್ಲಿ. ಬರುವವರಿಗೆ ಬರಬೇಡಿ ಅನ್ನುವುದಿಲ್ಲ. ಆದರೆ ಈ ಊರಲ್ಲಿ ಯಾವುದು ಚೆನ್ನಾಗಿದೆಯೋ ಅದನ್ನು ಮಂಗಳೂರಿನಲ್ಲೇ ಮಾಡಲು ಬರುತ್ತದೆ, ಮಾಡಲೇಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಮಾನ್‌ಹೈಮ್ ಮೂರು ಲಕ್ಷ ಚಿಲ್ಲರೆ ಜನರ ಊರು. ರೈನ್ ಮತ್ತು ನೆಕ್ಕರ್ ನದಿಗಳು ಸೇರುವಲ್ಲಿ ಬಂದರು ಇದೆ, ರೈನ್‌ನ ಆಚೆ ದಡದಲ್ಲಿ ಬಿಎಎಸ್‌ಎಫ್‌ನ ದೊಡ್ಡ ರಾಸಾಯನಿಕ ಕಾರ್ಖಾನೆ ಇದೆ, ಹತ್ತಿರದ ವಾಲ್ಡಾರ್ಫ್‌ನಲ್ಲಿ ಸಾಫ್ಟ್‌ವೇರ್ ಕಂಪನಿ ಎಸ್‌ಎಪಿ ಇದೆ. 1907ರಲ್ಲಿ ಇಲ್ಲಿ ವಾಣಿಜ್ಯ ಕಾಲೇಜು ಶುರುವಾಯಿತು. ಅದರ ಮುಂದುವರಿಕೆಯಾದ ವಿಶ್ವವಿದ್ಯಾಲಯ ಈಗ ಹಳೆಯ ಅರಮನೆಯಲ್ಲಿ ನಡೆಯುತ್ತಿದೆ. ಅದಕ್ಕೂ ಒಂದು ವರ್ಷ ಮೊದಲು, 1906ರಲ್ಲಿ, ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕನ್ನೂ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕನ್ನೂ ಕಟ್ಟಿ ಆಗಿತ್ತು. ನಮಗೂ ನೇತ್ರಾವತಿ, ಫಲ್ಗುಣಿ ಇವೆ, ಪಣಂಬೂರಿನ ಬಂದರಿದೆ, ಎಂಆರ್‌ಪಿಎಲ್ ತೈಲ ಶುದ್ಧೀಕರಣ ಘಟಕ ಇದೆ, ಮಣಿಪಾಲದಲ್ಲಿ 1980ರಿಂದ ಟ್ಯಾಪ್ಮಿ ಎಂಬ ಮ್ಯಾನೇಜ್‌ಮೆಂಟ್ ಕಾಲೇಜು ಇದೆ. ಕೊರತೆ ಇರುವುದು ಬೇರೆ ಕಡೆ.

ನಮ್ಮ ಆಫೀಸಿನ ಲೆಕ್ಕಪತ್ರ ವಿಭಾಗದಲ್ಲಿ ಹತ್ತೊಂಬತ್ತರ ಒಬ್ಬ ಹುಡುಗಿ ಇದ್ದಾಳೆ. ಮೂರು ತಿಂಗಳು ಕಾಲೇಜು, ಮೂರು ತಿಂಗಳು ಆಫೀಸು, ಹೀಗೇ ಮೂರು ವರ್ಷ. ಕಂಪನಿಯೇ ಆರಿಸಿ ಒಪ್ಪಂದ ಮಾಡಿಕೊಂಡಿರುತ್ತದೆ. ಕಾಲೇಜಿನಲ್ಲಿರುವ ತಿಂಗಳಲ್ಲೂ ಸಂಬಳ ಬರುತ್ತದೆ. 1974ರಿಂದ ಈ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ಈ ಪದ್ಧತಿ ನಡೆದುಬಂದಿದೆ. ಮೊನ್ನೆ ಒಂದು ಬಿಲ್ಲು ಅವಳ ಕೈಗೆ ಬಂತು. ಬಿಲ್ಲಿನಲ್ಲಿದ್ದ ಸಂಖ್ಯೆಗೂ ಮಾಲು ಇಳಿಸಿಕೊಂಡ ಚೀಟಿಯ ಸಂಖ್ಯೆಗೂ ತಾಳೆ ಆಗಲಿಲ್ಲ. ಯಾರನ್ನೂ ಕೇಳದೆ ಗೋದಾಮಿಗೆ ಫೋನ್ ಮಾಡಿದಳು, ಒಡೆದ ಪೆಟ್ಟಿಗೆಗಳನ್ನು ವಾಪಸು ಕಳಿಸಿದ್ದು ಗೊತ್ತಾಯಿತು, ಬಿಲ್ಲು ತಡೆದಳು. ಆಡಿಟಿಂಗ್ ಪಾಠ ಅವಳಿಗೆ ಬರುವುದು ಮುಂದಿನ ಸೆಮಿಸ್ಟರಿನಲ್ಲಿ. ಅದು ಬಂದಾಗ ಅವಳಿಗೆ ಬಾಯಿಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ.

ಅದೇ ವಯಸ್ಸಿನ ನನ್ನ ಅಕ್ಕನ ಮಗ ಊರಲ್ಲಿ ಬಿಬಿಎ ಓದುತ್ತಾನೆ. ಇಂಟರ್ನ್‌ಶಿಪ್ ಮುಗಿಸಿ ಸ್ಪೈರಲ್ ಬೈಂಡಿಂಗ್ ಮಾಡಿಸಿದ ಪ್ರಾಜೆಕ್ಟ್ ರಿಪೋರ್ಟಿನ ಫೋಟೊ ಕಳಿಸಿದ್ದ. ಏನು ಕೆಲಸ ಮಾಡಿದೆ ಎಂದು ಕೇಳಿದೆ. "ಕೆಲಸ ಎಂಥದ್ದೂ ಕೊಡಲಿಲ್ಲ ಮಾಮ, ಕಡೆಗೆ ಸರ್ಟಿಫಿಕೇಟಿಗೆ ಸೈನ್ ಹಾಕಿ ಕೊಟ್ಟರು" ಅಂದ. ಚುರುಕು ಹುಡುಗ. ಅವನ ಮೂರು ವರ್ಷ ಹೀಗೆ ಹೋಗುವುದು ಕಂಡು ಸಂಕಟವಾಗುತ್ತದೆ.

ಯಾಕೆಂದರೆ ಅವನ ಕಾಲೇಜಿನಿಂದ ಬಸ್ಸು ಹತ್ತಿದರೆ ಮಲ್ಪೆ. ಬೆಳಗ್ಗೆ ಅಲ್ಲಿ ಮೀನು ಏಲಂ ಆಗುವಾಗ ಒಬ್ಬ ಬೋಟಿನ ಮಾಲೀಕರ ಪಕ್ಕ ನೋಟ್‌ಬುಕ್ ಹಿಡಿದು ನಿಲ್ಲಲಿ. ಡೀಸೆಲ್ ಎಷ್ಟು, ಐಸ್ ಎಷ್ಟು, ಕೆಲಸದವರ ಪಾಲು ಎಷ್ಟು, ಬಂಗುಡೆ ರಾಶಿ ಬಿದ್ದ ದಿನ ರೇಟು ಎಲ್ಲಿಗೆ ಇಳಿಯಿತು, ಮೀನು ಕೊಂಡವರ ದುಡ್ಡು ಯಾವಾಗ ಕೈಸೇರಿತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಆ ಎರಡು ತಿಂಗಳು ಸಾಲದ ಕಂತು ಕಟ್ಟಿ, ಬಲೆ, ಎಂಜಿನ್ ರಿಪೇರಿ ಮಾಡಿಸಿ, ಆಗಸ್ಟಿಗೆ ಮತ್ತೆ ಡೀಸೆಲ್ ತುಂಬಿಸಲು ದುಡ್ಡು ಉಳಿಸುವುದು ಹೇಗೆ? ವರ್ಕಿಂಗ್ ಕ್ಯಾಪಿಟಲ್, ಅಂದರೆ ದಿನದ ವ್ಯವಹಾರ ನಡೆಸಲು ಬೇಕಾದ ದುಡ್ಡು, ಎಂಬ ಅಧ್ಯಾಯವನ್ನು ಇದಕ್ಕಿಂತ ಸ್ಪಷ್ಟವಾಗಿ ಕಲಿಸುವ ಜಾಗ ಮಾನ್‌ಹೈಮ್‌ನಲ್ಲಿ ನನಗೆ ಕಂಡಿಲ್ಲ. ಗೇರುಬೀಜದ ಕಾರ್ಖಾನೆಗಳು ಆಫ್ರಿಕಾದಿಂದ ಬೀಜ ತರಿಸುತ್ತವೆ, ಅಲ್ಲಿ ಡಾಲರ್ ರೇಟಿನ ಪಾಠವಿದೆ. ಇನ್ನು ಪಿಗ್ಮಿ. 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲಿ ಸಂಗ್ರಹಿಸುವ ಈ ಯೋಜನೆ ಹುಟ್ಟಿದ್ದೇ ಉಡುಪಿಯ ಸಿಂಡಿಕೇಟ್ ಬ್ಯಾಂಕಿನಲ್ಲಿ. ಈಗಲೂ ಸಹಕಾರಿ ಸೊಸೈಟಿಗಳ ಪಿಗ್ಮಿ ಕಲೆಕ್ಟರುಗಳು ಅಂಗಡಿ ಅಂಗಡಿ ತಿರುಗುತ್ತಾರೆ. ಒಂದು ತಿಂಗಳು ಅವರ ಜೊತೆ ನಡೆದವನಿಗೆ ಪೇಟೆಯಲ್ಲಿ ಯಾವ ವ್ಯಾಪಾರ ಏಳುತ್ತಿದೆ, ಯಾವುದು ಬೀಳುತ್ತಿದೆ ಎಂದು ತಿಳಿಯುತ್ತದೆ.

ಇದು ನಮಗೆ ಹೊಸತೂ ಅಲ್ಲ. ಸಿ.ಎ. ಮಾಡುವ ಮಕ್ಕಳು ಆಡಿಟರ ಕೈಕೆಳಗೆ ಆರ್ಟಿಕಲ್‌ಶಿಪ್ ಎಂಬ ತರಬೇತಿ ಮಾಡುತ್ತಾರಲ್ಲ? ಸ್ಟೈಪೆಂಡ್ ಪಡೆದು, ಆಡಿಟಿಗೆ ಊರೂರು ತಿರುಗಿ, ರಾತ್ರಿ ಕೂತು ಪರೀಕ್ಷೆಗೆ ಓದುತ್ತಾರೆ. ಅದರಲ್ಲಿ ಪಳಗಿದವರ ಮಾತಿನಲ್ಲೇ ಒಂದು ಗಟ್ಟಿತನ ಇರುತ್ತದೆ. ಅದೇ ಅವಕಾಶ ಬಿ.ಕಾಂ., ಬಿಬಿಎ ಮಕ್ಕಳಿಗೆ ಯಾಕಿಲ್ಲ? ಅಪ್ರೆಂಟಿಸ್‌ಶಿಪ್ ಸೇರಿಸಿದ ಪದವಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2020ರಲ್ಲೇ ಮಾರ್ಗಸೂಚಿ ಕೊಟ್ಟಿದೆ.

ಇಲ್ಲಿಗೆ ಬರುವವರ ಕಷ್ಟವನ್ನೂ ಹೇಳಬೇಕು. ಈ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನಮ್ಮವರಿಗೆ ಸೆಮಿಸ್ಟರಿಗೆ 1,500 ಯೂರೊ ಶುಲ್ಕ. ವೀಸಾಕ್ಕೆ ವರ್ಷದ ಖರ್ಚೆಂದು 11,904 ಯೂರೊ ಮೊದಲೇ ತೋರಿಸಬೇಕು. ಅದನ್ನೆಲ್ಲ ಸಾಲ ಮಾಡಿಯಾದರೂ ಹೊಂದಿಸಬಹುದು. ಎಡವುವುದು ಭಾಷೆಯಲ್ಲಿ. ಇಂಗ್ಲಿಷಿನಲ್ಲಿ ಪದವಿ ಸಿಗುತ್ತದೆ, ಆದರೆ ಅಕೌಂಟ್ಸ್, ಸೇಲ್ಸ್ ಕೆಲಸಕ್ಕೆ ಜರ್ಮನ್ ಬೇಕೇ ಬೇಕು. ಆ ಹುಡುಗಿ ಗೋದಾಮಿಗೆ ಮಾಡಿದಂಥ ಒಂದು ಫೋನ್ ಮಾಡಲು ಇಲ್ಲಿಗೆ ಬಂದ ನಮ್ಮ ಮಕ್ಕಳಿಗೆ ವರ್ಷಗಳೇ ಹಿಡಿಯುತ್ತವೆ. ಊರಲ್ಲಿ ಅವರೇ ಮೀನಿನ ಧಕ್ಕೆಯಲ್ಲಿ ತುಳು, ಬಂದರಿನಲ್ಲಿ ಬ್ಯಾರಿ, ರಥಬೀದಿಯ ಅಂಗಡಿಯಲ್ಲಿ ಕೊಂಕಣಿ, ಬ್ಯಾಂಕಿನಲ್ಲಿ ಕನ್ನಡ ಮಾತಾಡಿ ಕೆಲಸ ಮಾಡಿಸಿಕೊಂಡು ಬರುತ್ತಾರೆ. ಇಂಥ ಬಂಡವಾಳ ಕೈಯಲ್ಲಿದ್ದೂ ಬಳಸದೆ ಕೂತಿದ್ದೇವೆ.

ನಮ್ಮ ಕರಾವಳಿಯಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರಲ್ಲಿ, ಕಾರ್ಪೊರೇಷನ್, ಸಿಂಡಿಕೇಟ್ 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಮಂಗಳೂರಿನಲ್ಲಿ ಕೇಂದ್ರ ಕಚೇರಿ ಉಳಿಸಿಕೊಂಡಿರುವುದು ಕರ್ಣಾಟಕ ಬ್ಯಾಂಕ್. ಪದವಿ ಮುಗಿಸಿ ಬ್ಯಾಂಕಿಗೆ ಸೇರುವ ಹಳೆಯ ದಾರಿ ಕಿರಿದಾಗಿದೆ. ಹಾಗಾಗಿ ಊರಿನ ಸೊಸೈಟಿಗಳು, ಗೇರುಬೀಜ, ಐಸ್, ಮೀನಿನ ಉದ್ಯಮದವರು, ಐಟಿ ಕಂಪನಿಗಳು ಕಾಲೇಜುಗಳ ಜೊತೆ ಕೂತು, ವರ್ಷಕ್ಕೆ ಇಷ್ಟು ಮಕ್ಕಳನ್ನು ಇಷ್ಟು ತಿಂಗಳು ಸ್ಟೈಪೆಂಡ್ ಕೊಟ್ಟು ಇಟ್ಟುಕೊಳ್ಳುತ್ತೇವೆ ಎಂದು ಬರೆದುಕೊಡಲಿ. ಮೇ ತಿಂಗಳಲ್ಲಿ ಅಡ್ಮಿಷನ್ನಿಗೆ ಹೋಗುವ ತಂದೆತಾಯಂದಿರು ಕಟ್ಟಡ ನೋಡಿ ಬರುವುದರ ಜೊತೆಗೆ, ನನ್ನ ಮಗಳನ್ನು ಯಾವ ಸಂಸ್ಥೆಗೆ ಎಷ್ಟು ತಿಂಗಳು ಕಳಿಸುತ್ತೀರಿ, ಅಲ್ಲಿ ಅವಳಿಗೆ ಕೆಲಸ ಹೇಳಿಕೊಡುವವರು ಯಾರು ಎಂದು ಕೇಳಲಿ.